ಒಂದು ಲಕ್ಷ ಇಪ್ಪತ್ತೊಂದು ಸಾವಿರ ಕಿಲೋಮೀಟರು

ಹಳೇ ಸಾಮಾನು ಮಾರುವ ವೆಬ್‌ಸೈಟಿನಲ್ಲಿ ತುಂಬಬೇಕಾದ ಖಾನೆಗಳು ಹೆಚ್ಚೇನಿರಲಿಲ್ಲ. ಬಣ್ಣ, ತಯಾರಾದ ವರ್ಷ, ಎಂಜಿನ್ನಿನ ಗಾತ್ರ. ನಾನು ಹೇಳುತ್ತ ಹೋದೆ, ಹದಿನಾರು ವರ್ಷದ ನನ್ನ ಮಗಳು ಇಳಾ ಫೋನಿನಲ್ಲಿ ಒತ್ತುತ್ತ ಹೋದಳು. ಓಡಿದ ಕಿಲೋಮೀಟರ್ ಎಂಬ ಖಾನೆಗೆ ಬಂದಾಗ ಅವಳ ಬೆರಳು ನಿಂತಿತು.

“ಅಮ್ಮಾ, ಇದು ಕರೆಕ್ಟಾ? ಹಂಡ್ರೆಡ್ ಅಂಡ್ ಟ್ವೆಂಟಿ ಒನ್ ಥೌಸಂಡ್?”

“ಕರೆಕ್ಟೇ. ಮೇಲೆ ನಾನೂರು ಇದೆ, ಅದನ್ನೂ ಹಾಕು.”

“ಅರ್ಥ್ ಸುತ್ತ ತ್ರೀ ಟೈಮ್ಸ್ ಹೋದಂಗೆ. ಯಾರೂ ತಗೊಳಲ್ಲ ಅಮ್ಮ. ಎಖ್ಟ್ ನೀಟ್.”

‘ಖಂಡಿತ ಇಲ್ಲ’ ಎನ್ನುವುದನ್ನು ಇಳಾ ಯಾವಾಗಲೂ ಡಚ್ಚಿನಲ್ಲೇ ಹೇಳುತ್ತಾಳೆ. ಕನ್ನಡದಲ್ಲಿ ಹೇಳಿದರೆ ನಾನು ವಾದಕ್ಕೆ ಇಳಿಯುತ್ತೇನೆಂದು ಅವಳಿಗೆ ಗೊತ್ತು.

ಈ ಮಾತು ನಡೆದದ್ದು ಆಮ್ಸ್ಟೆಲ್‌ವೀನಿನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ, ನನ್ನ ಮೋಟಾರ್‌ಸೈಕಲ್ಲಿನ ಪಕ್ಕದಲ್ಲೇ ನಿಂತು. ಅದಕ್ಕೆ ಕೇಳಿಸಿತೇನೋ ಎಂದು ನನಗೆ ಮುಜುಗರವಾಯಿತು. ನಗಬೇಡಿ. ಹನ್ನೆರಡು ವರ್ಷ ಬೆಳ್ಳಂಬೆಳಿಗ್ಗೆ ಯಾರನ್ನಾದರೂ ಮೈದಡವಿ ಎಬ್ಬಿಸಿದ್ದರೆ ನಿಮಗೂ ಹಾಗೇ ಅನ್ನಿಸುತ್ತಿತ್ತು.

ಮೈಸೂರಿನ ಹೆಂಗಸೊಬ್ಬಳು, ಅದೂ ನನ್ನಂಥ ಪುಕ್ಕಲಿ, ಮೋಟಾರ್‌ಸೈಕಲ್ ಓಡಿಸುವುದನ್ನು ಯಾಕೆ ಕಲಿತಳು ಎಂದು ಕೇಳುವವರೇ ಎಲ್ಲರೂ. ಕಾರಣ ಬಹಳ ಸಾದಾ. ನನಗೆ ನಲವತ್ತು ಕಿಲೋಮೀಟರ್ ದೂರದ ಯುಟ್ರೆಕ್ಟಿನ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಊರವರ ಗಂಟಲು, ಮೂತ್ರ, ಗಾಯಗಳಿಂದ ತೆಗೆದದ್ದನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ, ಯಾವ ಕ್ರಿಮಿ ಎಂದು ಹೇಳುವ ಕೆಲಸ. ಪಾಳಿ ಶುರುವಾಗುವುದು ಬೆಳಿಗ್ಗೆ ಆರೂವರೆಗೆ. ಮೊದಲ ಟ್ರಾಮಿಗೂ ಮೊದಲ ರೈಲಿಗೂ ಹೊಂದಾಣಿಕೆಯಿರಲಿಲ್ಲ. ಭಾನುವಾರವಂತೂ ಎರಡೂ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ನಮ್ಮಲ್ಲಿ ಕಾರಿರಲಿಲ್ಲ. ಕಾರಿನ ಲೈಸೆನ್ಸ್ ತೆಗೆದುಕೊಳ್ಳೋಣ ಎಂದು ಯೋಚಿಸಿದಾಗ, ಮನೆ ಮುಂದೆ ಕಾರು ನಿಲ್ಲಿಸಲು ಜಾಗಕ್ಕಾಗಿ ವರ್ಷಗಟ್ಟಲೆ ಕಾಯಬೇಕೆಂದು ಗೊತ್ತಾಯಿತು. ಮೋಟಾರ್‌ಸೈಕಲ್ಲಿಗೆ ಶೆಡ್ಡು ಸಾಕು. ಹೀಗೆ, ಧೈರ್ಯದಿಂದಲ್ಲ, ಪಾರ್ಕಿಂಗಿನಿಂದ ನಾನು ಬೈಕಿನವಳಾದೆ.

ಸೈಕಲ್ಲನ್ನೇ ನಾನು ಕಲಿತದ್ದು ಈ ದೇಶಕ್ಕೆ ಬಂದ ಮೇಲೆ, ಮೂವತ್ತರ ವಯಸ್ಸಿನಲ್ಲಿ. ಎಂಬತ್ತರ ಅಜ್ಜಿಯರು ಎರಡೂ ಕಡೆ ತರಕಾರಿ ಚೀಲ ತೂಗಿಸಿಕೊಂಡು ನನ್ನನ್ನು ದಾಟಿ ಹೋಗುತ್ತಿದ್ದರು. ಅಂಥವಳಿಗೆ ಮೋಟಾರ್‌ಸೈಕಲ್ ಕಲಿಸಿದ್ದು ಇನೆಕ ಎಂಬ ದಪ್ಪ ದನಿಯ ಹೆಂಗಸು. ಮೊದಲ ವಾರ ಗೇರು ಬದಲಿಸಿದಾಗಲೆಲ್ಲ ಗಾಡಿ ಕಿರುಗುಟ್ಟಿದರೆ ನಾನು “ಸಾರಿ” ಎನ್ನುತ್ತಿದ್ದೆ. ಇನೆಕ ತಲೆ ಚಚ್ಚಿಕೊಂಡು, “ನೀವು ಗಾಡಿಗೆ ಕ್ಷಮೆ ಕೇಳುವುದನ್ನು ಬಿಡುವವರೆಗೆ ನಿಮ್ಮನ್ನು ಪರೀಕ್ಷೆಗೆ ಕಳಿಸುವುದಿಲ್ಲ” ಎಂದಿದ್ದಳು. ಮೂರನೆಯ ಸಲ ಪಾಸಾದೆ. ಅದೇ ತಿಂಗಳು ಒಬ್ಬ ನಿವೃತ್ತ ಅಂಚೆಯವನಿಂದ ಈ ನೀಲಿ ಗಾಡಿಯನ್ನು ಕೊಂಡೆ. ಆಗ ಎಂಟು ಸಾವಿರ ಓಡಿತ್ತು. ಉಳಿದದ್ದೆಲ್ಲ ನಾನೇ ಓಡಿಸಿದ್ದು, ಬೆಳಗಿನ ಪಾಳಿ ಬರುವ ವಾರ ಬಿಟ್ಟು ವಾರ, ಹೋಗಿ ಬರಲು ಎಂಬತ್ತು ಕಿಲೋಮೀಟರಿನಂತೆ, ಮಂಜು, ಗಾಳಿ, ಇಲ್ಲಿನ ಅಡ್ಡ ಮಳೆಯಲ್ಲಿ.

ನಮ್ಮವರು ಜೈಡಾಸ್ ಎಂಬ ಕಚೇರಿ ಬಡಾವಣೆಯ ಒಂದು ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸದವರು, ಟ್ರಾಮಿನ ಮನುಷ್ಯ. ಬೈಕ್ ಕಲಿಯುತ್ತೇನೆ ಎಂದಾಗ “ನಿನ್ನಿಷ್ಟ ಕಣೇ” ಎಂದರು, ಅಷ್ಟೆ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಹಿಂದಿನ ಸೀಟಿನಲ್ಲಿ ಕೂರಲಿಲ್ಲ. ಕೂತುಕೊಳ್ಳಿ ಎಂದು ನಾನು ಮೊದಲೆರಡು ವರ್ಷ ಕರೆದೆ. ಆಮೇಲೆ ಬಿಟ್ಟೆ. ಹೆಂಡತಿ ಹಿಂದೆ ಕೂರಲು ಗಂಡಸಿಗೆ ಏನೋ ಒಂದು ಬಿಗುಮಾನ ಇರುತ್ತದೆ ಎಂದುಕೊಂಡೆ. ಅದನ್ನು ಕೆದಕಿ ಕೇಳುವ ಅಭ್ಯಾಸ ನಮ್ಮಿಬ್ಬರಲ್ಲಿ ಇಲ್ಲ.

ಕಿಲೋಮೀಟರಿನ ಮಾತು ಬಂದರೆ ನನಗೆ ನೆನಪಾಗುವುದು ಅಪ್ಪನ ಸ್ಕೂಟರು. ಮೈಸೂರಿನಲ್ಲಿ ನಮ್ಮಪ್ಪ ನೀರಿನ ಕಚೇರಿಯಲ್ಲಿ ಗುಮಾಸ್ತರು. ಅವರ ಸ್ಕೂಟರಿನಲ್ಲಿ ನಾನು ಮುಂದೆ ನಿಲ್ಲುತ್ತಿದ್ದೆ, ಅಮ್ಮ ಹಿಂದೆ ಒಂದು ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ನನ್ನ ಮೂಗಿನ ನೇರಕ್ಕೇ ಮೀಟರು. ಅದರ ಕೇಬಲ್ಲು ಯಾವ ಕಾಲಕ್ಕೋ ತುಂಡಾಗಿ ಅದು ಹದಿನೇಳು ಸಾವಿರದ ಮುನ್ನೂರೆರಡರಲ್ಲಿ ನಿಂತಿತ್ತು. ನಾನು ಬೆಳೆದೆ, ಜಡೆ ಬೆಳೆಯಿತು, ಮನೆಗೆ ಫ್ರಿಜ್ಜು ಬಂತು, ಅಜ್ಜಿ ಹೋದಳು. ಮೀಟರು ಅಲ್ಲಾಡಲಿಲ್ಲ. ನನ್ನ ಬಾಲ್ಯವೆಲ್ಲ ಆ ಒಂದು ಸಂಖ್ಯೆಯಲ್ಲೇ ಕಳೆಯಿತು.

ಕೊನೆಗೆ ಅಪ್ಪ ಸ್ಕೂಟರ್ ಮಾರಲು ಹೊರಟಾಗ ಒಬ್ಬರು ಮೇಷ್ಟ್ರು ನೋಡಲು ಬಂದರು. ಬಗ್ಗಿ ಮೀಟರು ಓದಿ, “ಪರವಾಗಿಲ್ವೇ, ಹದಿನೇಳೇ ಸಾವಿರ ಓಡಿರೋದು!” ಎಂದು ಸಂತೋಷಪಟ್ಟರು. ಅಪ್ಪ ಸುಳ್ಳು ಹೇಳಲಿಲ್ಲ. ಆಕಾಶ ನೋಡಿದರು. ಅಡುಗೆಮನೆಯ ಕಿಟಕಿಯಿಂದ ಅಮ್ಮನ ದನಿ ಬಂತು: “ಅಯ್ಯೋ, ಅದು ನಿಂತು ಎಂಟು ವರ್ಷ ಆಯ್ತಲ್ಲಪ್ಪ!”

ಮೇಷ್ಟ್ರು ಕಾಫಿ ಕುಡಿದು ಹೋದವರು ತಿರುಗಿ ಬರಲಿಲ್ಲ. ಅಪ್ಪ ಎರಡು ದಿನ ಅಮ್ಮನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತು, “ನೀನು ಹೇಳಿದ್ದೇ ಒಳ್ಳೇದಾಯ್ತು ಬಿಡು. ಇಲ್ದಿದ್ರೆ ಆ ಮೇಷ್ಟ್ರನ್ನ ಮಾರ್ಕೆಟ್ಟಲ್ಲಿ ಕಂಡಾಗಲೆಲ್ಲ ನಾನು ಬೇರೆ ಬೀದಿಗೆ ತಿರುಗಬೇಕಾಗಿತ್ತು” ಎಂದರು.

ಈ ಕತೆಯನ್ನು ನಾನು ಎಷ್ಟೋ ಮನೆಗಳಲ್ಲಿ ನಗುತ್ತ ಹೇಳಿದ್ದೇನೆ. ಹಾಗಾಗಿ ಜಾಹೀರಾತಿನಲ್ಲಿ ಒಂದು ಕಿಲೋಮೀಟರನ್ನೂ ಬಚ್ಚಿಡಲಿಲ್ಲ. ಅಷ್ಟರ ಮಟ್ಟಿಗೆ ನಾನು ಅಮ್ಮನ ಮಗಳು. ಆದರೆ ಗಾಡಿಯನ್ನು ಯಾಕೆ ಮಾರುತ್ತಿದ್ದೀರಿ ಎಂದು ಕೇಳಿದವರಿಗೆ ನಾನು ಕೊಟ್ಟ ಉತ್ತರಗಳಲ್ಲಿ ಅಪ್ಪನನ್ನೂ ಮೀರಿಸಿಬಿಟ್ಟೆ.

ಮೊದಲು ಫೋನು ಮಾಡಿದ ಡಚ್ಚಿನವನು, “ಜಾಹೀರಾತಿನ ಕಿಲೋಮೀಟರ್ ಸಂಖ್ಯೆಯಲ್ಲಿ ಚುಕ್ಕೆ ತಪ್ಪು ಜಾಗದಲ್ಲಿ ಬಿದ್ದಿದೆಯೋ?” ಎಂದು ಕೇಳಿದ. ಬಿದ್ದಿಲ್ಲ ಎಂದೆ. ಹಾಗಾದರೆ ಮಾರುವುದೇಕೆ, ಎಂಜಿನ್ ಹೋಗಿದೆಯೋ? “ಇಲ್ಲ, ಕಾರು ತಗೊಳ್ತಿದ್ದೇವೆ” ಎಂದೆ. ಎರಡನೆಯವನಿಗೆ ಇಂಡಿಯಾಕ್ಕೆ ವಾಪಸು ಹೋಗುತ್ತಿದ್ದೇವೆ ಎಂದೆ. ಮೂರನೆಯವನು ನಮ್ಮವನೇ, ಬೆಂಗಳೂರಿನವನು. ಫೋನೆತ್ತಿದ ಕೂಡಲೇ, “ಆಂಟಿ, ಅಂಕಲ್ ಇದಾರಾ? ಬೈಕ್ ವಿಷ್ಯ ಮಾತಾಡ್ಬೇಕಿತ್ತು” ಎಂದ.

“ಬೈಕ್ ನಂದೇ. ನನ್ ಹತ್ರಾನೇ ಮಾತಾಡಿ.”

“ಓ... ನೀವೇ ಓಡ್ಸೋದಾ ಆಂಟಿ? ಸೂಪರ್. ಯಾಕ್ ಸೇಲ್ ಮಾಡ್ತಿದೀರಾ?”

“ಮಂಡಿ ನೋವು” ಎಂದೆ.

ಅವನು ಕೊಳ್ಳಲಿಲ್ಲ. ಆದರೆ ಮಂಡಿ ನೋವನ್ನು ಊರಿಗೆಲ್ಲ ಹಂಚಿದ. ಒಂದು ವಾರದಲ್ಲಿ ಇಂಡಿಯನ್ ಅಂಗಡಿಯಲ್ಲಿ ಪರಿಚಯದ ಉಡುಪಿಯ ಹೆಂಗಸೊಬ್ಬರು ನನ್ನನ್ನು ಬೇಳೆ ಚೀಲಗಳ ನಡುವೆ ನಿಲ್ಲಿಸಿ, “ಯಾವ ಮಂಡಿ ಮಾರಾಯ್ರೆ? ಎಡದ್ದೋ, ಬಲದ್ದೋ?” ಎಂದು ವಿಚಾರಿಸಿದರು. ಎಡದ್ದು ಎಂದೆ. ಮಾರನೆಯ ದಿನ ಒಂದು ಬಾಟಲಿ ಎಣ್ಣೆ ಮನೆಗೇ ಬಂತು. ಅದನ್ನು ಹಚ್ಚಲೂ ಆಗದೆ ಚೆಲ್ಲಲೂ ಆಗದೆ ಕೈಯಲ್ಲಿ ಹಿಡಿದು ನಿಂತಿದ್ದಾಗ ನಮ್ಮವರು, “ಒಂದೊಂದು ಫೋನಿಗೆ ಒಂದೊಂದು ಕಾರಣ. ಇನ್ನೊಬ್ಬ ಫೋನ್ ಮಾಡಿದ್ರೆ ಏನಂತೀಯಾ?” ಎಂದರು. ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

ನಿಜವಾದ ಕಾರಣ ಇದು.

ಕನ್ನಡಕದ ನಂಬರು ಬದಲಾಗಿರಬೇಕೆಂದು ಹೋದವಳನ್ನು ಕನ್ನಡಕದ ಅಂಗಡಿಯವಳು ನಮ್ಮ ಆಸ್ಪತ್ರೆಯದೇ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದಳು. ಅಲ್ಲಿ ಒಂದು ದೊಡ್ಡ ಬಿಳಿ ಬಟ್ಟಲಿನಂಥ ಯಂತ್ರದೊಳಗೆ ಗಲ್ಲ ಇಟ್ಟು ಕೂರಬೇಕು. ಅಲ್ಲೊಂದು ಇಲ್ಲೊಂದು ಬೆಳಕಿನ ಚುಕ್ಕೆ ಬರುತ್ತದೆ. ಕಂಡಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಕಂಡದ್ದಕ್ಕೆಲ್ಲ ಒತ್ತಿದೆ. ಪರೀಕ್ಷೆ ಚೆನ್ನಾಗಿ ಬರೆದ ಹುಡುಗಿಯ ಹಾಗೆ ಎದ್ದು ಬಂದೆ. ಡಾಕ್ಟರು ಕಾಗದ ಮುಂದಿಟ್ಟರು. ಅದರ ಎಡಭಾಗ, ಕೆಳಗೆ, ಮಸಿ ಚೆಲ್ಲಿದ ಹಾಗೆ ಕಪ್ಪಗಿತ್ತು.

“ಇಷ್ಟು ಭಾಗದಲ್ಲಿ ನಿಮಗೆ ಏನೂ ಕಾಣುತ್ತಿಲ್ಲ” ಎಂದರು. “ಎರಡು ಕಣ್ಣಿಗೂ. ಗ್ಲಾಕೋಮಾ. ಬಹಳ ದಿನದಿಂದ ಇರಬೇಕು.”

“ಆದರೆ ನನಗೆ ಎಲ್ಲೂ ಕಪ್ಪು ಕಾಣಿಸೋದಿಲ್ಲವಲ್ಲ?”

“ಕಾಣಿಸೋದಿಲ್ಲ. ಸುತ್ತ ಏನಿದೆಯೋ ಅದರಿಂದಲೇ ಮಿದುಳು ಆ ಜಾಗವನ್ನು ತುಂಬಿಬಿಡುತ್ತದೆ. ಸುತ್ತಲೂ ಖಾಲಿ ರಸ್ತೆ ಇದ್ದರೆ, ಅಲ್ಲೂ ಖಾಲಿ ರಸ್ತೆಯೇ ಇದೆ ಎಂದು ತೋರಿಸುತ್ತದೆ.”

ಪಕ್ಕದ ಕುರ್ಚಿಯ ಮೇಲೆ ನನ್ನ ಹೆಲ್ಮೆಟ್ಟು ಇತ್ತು. ಡಾಕ್ಟರು ಅದನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. “ಇವತ್ತು ಮನೆಗೆ ಹೇಗೆ ಹೋಗುತ್ತೀರಿ?” ಎಂದು ಕೇಳಿದರು. ಇನ್ನು ಮೇಲೆ ಓಡಿಸಬೇಡಿ ಎಂದು ಹೇಳುವುದಕ್ಕೆ ಅವರು ಆರಿಸಿಕೊಂಡ ಮಾತು ಅದು. ಮೆದುವಾಗಿಯೇ ಹೇಳಿದರು. ನಾನು ರೈಲಿನಲ್ಲಿ ಬಂದೆ. ಮನೆಯಲ್ಲಿ ಕಣ್ಣಿನ ವಿಷಯ ಹೇಳಿ, ಗಾಡಿಯನ್ನು ಮರುದಿನ ವ್ಯಾನಿನಲ್ಲಿ ಹೇರಿಸಿ ತರಿಸಿದೆವು.

ಆದರೆ ಆ ರೈಲಿನಲ್ಲಿ ನಾನು ಯೋಚಿಸುತ್ತಿದ್ದದ್ದು ನನ್ನ ಕಣ್ಣಿನ ಬಗ್ಗೆಯಲ್ಲ. ಅದಕ್ಕೆ ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ ನಡೆದದ್ದರ ಬಗ್ಗೆ.

ಆವತ್ತು ಪಾಳಿ ಮುಗಿಸಿ ಮನೆಗೆ ಹೊರಟಿದ್ದೆ. ಆಸ್ಪತ್ರೆಯಿಂದ ಸ್ವಲ್ಪ ದೂರದಲ್ಲಿ, ಸೈಕಲ್ ದಾರಿಯೊಂದು ರಸ್ತೆಯನ್ನು ಅಡ್ಡ ಹಾಯುವ ಕಡೆ, ಸೈಕಲ್ಲಿನವರಿಗೆ ಮೊದಲ ಹಕ್ಕು. ನಾವು ನಿಂತು ನೋಡಿ ಮುಂದೆ ಹೋಗಬೇಕು. ನಾನು ನಿಧಾನ ಮಾಡಿದೆ, ಎಡಕ್ಕೆ ನೋಡಿದೆ, ಯಾರೂ ಇರಲಿಲ್ಲ, ಹೊರಟೆ. ಕಿವಿಯ ಪಕ್ಕದಲ್ಲೇ ಚೀರಿದ ಸದ್ದು. ಬ್ರೇಕು ಹಾಕಿ ತಿರುಗಿದರೆ ಒಬ್ಬಳು ಹೆಂಗಸು, ಸೈಕಲ್ಲು ವಾಲಿ, ಒಂದು ಕಾಲೂರಿ ಅದನ್ನು ಹೇಗೋ ಹಿಡಿದು ನಿಂತಿದ್ದಳು. ಮುಂದಿನ ಪುಟ್ಟ ಸೀಟಿನಲ್ಲಿ ಮಗು. ಮಗುವಿನ ಒಂದು ಶೂ ಕಳಚಿ ರಸ್ತೆಗೆ ಬಿದ್ದಿತ್ತು. ಯಾರಿಗೂ ಏನೂ ಆಗಿರಲಿಲ್ಲ.

ನಾನು ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಅವಳಿಗೆ ಬೈದೆ. “ಕಣ್ಣು ಬಿಟ್ಟುಕೊಂಡು ಓಡಿಸಿ! ಮಗು ಇದೆ!” ಎಂದೆ. ಹನ್ನೆರಡು ವರ್ಷ ಒಂದು ಗೀರೂ ಬೀಳದಂತೆ ಓಡಿಸಿದವಳ ದೊಡ್ಡತನ ನನ್ನ ನಾಲಿಗೆಯ ಮೇಲಿತ್ತು.

ಅವಳು ತಿರುಗಿ ಬೈಯಲಿಲ್ಲ. ಬೆಚ್ಚಿ ನನ್ನನ್ನೇ ನೋಡುತ್ತ, “ಮೇಡಂ, ನೀವು ನನ್ನನ್ನೇ ನೋಡಿದಿರಿ” ಎಂದಳು. “ನೋಡಿ, ಆಮೇಲೆ ಮುಂದೆ ಬಂದಿರಿ.”

ನಾನು ಹೊರಟು ಬಂದೆ. ರಾತ್ರಿ ಊಟಕ್ಕೆ ಕೂತಾಗ ಅದನ್ನೇ ದೊಡ್ಡ ಕತೆ ಮಾಡಿ ಹೇಳಿದೆ. ಈ ಸೈಕಲ್ಲಿನವರು ರಸ್ತೆ ಅವರಪ್ಪಂದು ಅಂತ ತಿಳ್ಕೊಂಡಿದಾರೆ ಎಂದೆ. ಇಳಾ ನಕ್ಕಳು. ನಮ್ಮವರು ತಟ್ಟೆ ನೋಡುತ್ತ ಕೂತಿದ್ದರು.

ಅವಳು ಹೇಳಿದ್ದು ನಿಜ. ನಾನು ಅವಳನ್ನೇ ನೋಡಿದ್ದೆ. ಅವಳು ಇದ್ದ ಜಾಗದಲ್ಲಿ ನನ್ನ ಮಿದುಳು ಖಾಲಿ ರಸ್ತೆ ಹಾಸಿತ್ತು. ತಾಯಿಯನ್ನೂ ಮಗುವನ್ನೂ ಅಳಿಸಿ ಹಾಕಿತ್ತು. ಇನ್ನೊಂದು ಮೊಳ ಮುಂದೆ ಇದ್ದಿದ್ದರೆ ಎಂದು ರೈಲಿನಲ್ಲಿ ಕೂತು ಯೋಚಿಸುತ್ತ, ಮಡಿಲಲ್ಲಿದ್ದ ಹೆಲ್ಮೆಟ್ಟನ್ನು ಪಕ್ಕಕ್ಕಿಟ್ಟೆ.

ಇದನ್ನು ಫೋನು ಮಾಡಿದವರಿಗೆ ಹೇಗೆ ಹೇಳುವುದು? ಅದಕ್ಕೇ ಕಾರು, ಅದಕ್ಕೇ ಇಂಡಿಯಾ, ಅದಕ್ಕೇ ಮಂಡಿ. ಆದರೆ ಆ ಎಣ್ಣೆಯ ಬಾಟಲಿ ಬಂದ ದಿನ ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಅವರಿವರಿಗೆ ಹೇಳುವುದು ಹಾಗಿರಲಿ, ಹೇಳಲೇಬೇಕಾದವಳು ಒಬ್ಬಳಿದ್ದಳು.

ಈಗ ಬೆಳಿಗ್ಗೆ ಜೊತೆ ಕೆಲಸದವರೊಬ್ಬರ ಕಾರಿನಲ್ಲಿ ಹೋಗಿ, ರೈಲಿನಲ್ಲಿ ವಾಪಸು ಬರುತ್ತಿದ್ದೆ. ಮಾರನೆಯ ದಿನ ಪಾಳಿ ಮುಗಿದ ಮೇಲೆ ಆ ಕಡೆಗೆ ನಡೆದುಕೊಂಡು ಹೋಗಿ ನಿಂತೆ. ಅವಳ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಗೊತ್ತಿದ್ದದ್ದು ಹೊತ್ತು ಮತ್ತು ಸೈಕಲ್ಲಿನ ಹಿಂದೆ ಕಟ್ಟಿದ್ದ ಹಸಿರು ಬಣ್ಣದ ಮರದ ಪೆಟ್ಟಿಗೆ. ಒಂದು ಗಂಟೆ ನಿಂತೆ. ನೂರಾರು ಸೈಕಲ್ಲುಗಳು ಹೋದವು. ಎರಡನೆಯ ದಿನವೂ ನಿಂತೆ. ಮೂರನೆಯ ದಿನ ಮಳೆ. ಎದುರು ಮನೆಯ ಮುದುಕ ಬಂದು, ದಾರಿ ತಪ್ಪಿದೆಯೇ ಎಂದು ಕೇಳಿದ. ಇಲ್ಲ, ಒಬ್ಬರಿಗೆ ಕಾಯುತ್ತಿದ್ದೇನೆ ಎಂದೆ. ಮನೆಯಲ್ಲಿ ರೈಲು ತಡವಾಯಿತು ಎಂದು ಹೇಳಿಕೊಂಡು ಬರುತ್ತಿದ್ದೆ.

ನಾಲ್ಕನೆಯ ದಿನ ಹಸಿರು ಪೆಟ್ಟಿಗೆ ಬಂತು. ಮಗು ಈಗ ಹಿಂದಿನ ಸೀಟಿನಲ್ಲಿತ್ತು, ಪೆಟ್ಟಿಗೆ ಮುಂದಕ್ಕೆ ಬಂದಿತ್ತು. ನಾನು ಕೈಯೆತ್ತಿದೆ. ಅವಳು ನಿಂತಳು, ಆದರೆ ಸೀಟಿನಿಂದ ಇಳಿಯಲಿಲ್ಲ. ಹೆಲ್ಮೆಟ್ಟಿಲ್ಲದ ನನ್ನ ಮುಖ ಅವಳಿಗೆ ಗುರುತು ಸಿಗಲಿಲ್ಲ.

“ಚಳಿಗಾಲಕ್ಕೆ ಮುಂಚೆ ಇಲ್ಲಿ ಒಂದು ನೀಲಿ ಮೋಟಾರ್‌ಸೈಕಲ್ಲು ನಿಮಗೆ ಡಿಕ್ಕಿ ಹೊಡೆಯುವುದರಲ್ಲಿತ್ತು. ಅದು ನಾನು” ಎಂದೆ.

ಅವಳ ಮುಖ ಗಟ್ಟಿಯಾಯಿತು. ನಾನು ಮೂರು ದಿನದಿಂದ ಡಚ್ಚಿನಲ್ಲಿ ಜೋಡಿಸಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಕೈಕೊಟ್ಟವು. ಕಣ್ಣನ್ನು ತೋರಿಸಿ, ಈ ಕಡೆ ನನಗೆ ಕಾಣುವುದಿಲ್ಲ, ಆಗ ನನಗೆ ಗೊತ್ತಿರಲಿಲ್ಲ, ನೀವು ಸರಿಯಾಗೇ ಬರುತ್ತಿದ್ದಿರಿ, ತಪ್ಪು ನನ್ನದು, ಅದರ ಮೇಲೆ ನಾನು ನಿಮ್ಮನ್ನು ಬೈದೆ ಎಂದು ತುಂಡು ತುಂಡಾಗಿ ಹೇಳಿದೆ.

ಅವಳು ಹೇಳಿದಳು: “ಆವತ್ತಿನಿಂದ ನಾನು ಈ ದಾರಿಯಲ್ಲಿ ಬರುವುದನ್ನೇ ಬಿಟ್ಟೆ. ಕಾಲುವೆ ಬಳಸಿಕೊಂಡು ಹೋಗುತ್ತೇನೆ, ಹತ್ತು ನಿಮಿಷ ಜಾಸ್ತಿ. ಇವತ್ತು ಅಲ್ಲಿ ಸೇತುವೆ ಮುಚ್ಚಿದ್ದಾರೆ, ಅದಕ್ಕೆ ಬಂದೆ.” ಹಿಂದೆ ತಿರುಗಿ ಮಗುವಿನ ಟೋಪಿ ಸರಿಮಾಡಿದಳು. “ನೀವು ಅಷ್ಟು ಗಟ್ಟಿಯಾಗಿ ಹೇಳಿದಿರಿ. ನನ್ನದೇ ತಪ್ಪಿರಬೇಕು ಎಂದುಕೊಂಡೆ. ಮಗುವನ್ನು ಕೂರಿಸಿಕೊಂಡು ಸೈಕಲ್ ಹೊಡೆಯಲು ನಾನು ಲಾಯಕ್ಕೇ ಇಲ್ಲವೇನೋ ಅಂತ.”

ಗೀರು ಬೀಳಲಿಲ್ಲ ಎಂದುಕೊಂಡಿದ್ದೆನಲ್ಲ.

“ಈಗ ಓಡಿಸುವುದನ್ನು ನಿಲ್ಲಿಸಿದ್ದೀರಾ?” ಎಂದು ಕೇಳಿದಳು.

“ನಿಲ್ಲಿಸಿದ್ದೇನೆ. ಮಾರುತ್ತಿದ್ದೇನೆ.”

“ಒಳ್ಳೆಯದು” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ಪೆಡಲಿನ ಮೇಲೆ ಕಾಲಿಟ್ಟವಳು ಮತ್ತೆ ತಡೆದು, “ಬಂದು ಹೇಳಿದ್ದಕ್ಕೆ ಥ್ಯಾಂಕ್ಸ್” ಎಂದಳು. ಹೋದಳು. ಮಗು ಹಿಂದಕ್ಕೆ ತಿರುಗಿ ನನ್ನನ್ನು ನೋಡುತ್ತಲೇ ಇತ್ತು.

ಆ ಸಂಜೆ ಮನೆಯಲ್ಲಿ ಸೈಕಲ್ಲಿನವಳ ವಿಷಯ ಎಲ್ಲವನ್ನೂ ಹೇಳಿದೆ. ಇಳಾ ಬಂದು ನನ್ನ ಎಡಗಡೆ ಕೂತಳು. ಆಮೇಲೆ ಏನೋ ನೆನಪಾಗಿ ಎದ್ದು ಬಲಗಡೆಗೆ ಬಂದು ಕೂತಳು. ಅವಳು ಹಾಗೆ ಎದ್ದು ಬಂದದ್ದನ್ನು ಕಂಡು ನನಗೆ ಮೊದಲ ಸಲ ಅಳು ಬಂತು. ಉಡುಪಿಯವರಿಗೂ ಫೋನು ಮಾಡಿ ನಿಜ ಹೇಳಿದೆ. “ಅಯ್ಯೋ ದೇವರೇ” ಎಂದವರು ಹಿಂದೆಯೇ, “ಎಣ್ಣೆ ಇರ್ಲಿ, ಹಾಳಾಗೂದಿಲ್ಲ” ಎಂದರು. ಒಳ್ಳೆಯ ಜನ.

ಹದಿನೈದು ದಿನದ ಮೇಲೆ ಗಾಡಿ ನೋಡಲು ಮಾರ್ಗಾ ಬಂದಳು. ಅರವತ್ತರ ಹತ್ತಿರದ ಹೆಂಗಸು, ಗಿಡ್ಡ ಬಿಳಿ ಕೂದಲು, ಕೈಯಲ್ಲಿ ಸವೆದ ಚರ್ಮದ ಗವಸು, ಕಂಕುಳಲ್ಲಿ ಹೆಲ್ಮೆಟ್ಟು. ಅವಳ ಅಪ್ಪನದು ಉತ್ತರದ ಕಡೆ ಗಾಡಿ ರಿಪೇರಿಯ ಅಂಗಡಿಯಂತೆ. ಮಾತಿಗಿಂತ ಮೊದಲು ಮಂಡಿಯೂರಿ ಚೈನು ಮುಟ್ಟಿ ನೋಡಿದಳು, ಎಣ್ಣೆ ನೋಡಿದಳು, ನಾನು ಜೋಪಾನ ಮಾಡಿದ್ದ ಸರ್ವಿಸ್ ಪುಸ್ತಕವನ್ನು ಒಂದೊಂದೇ ಪುಟ ತಿರುಗಿಸಿದಳು. ಇಷ್ಟೊಂದು ಓಡಿದೆಯಲ್ಲ, ಪರವಾಗಿಲ್ಲವೇ ಎಂದು ನಾನೇ ಕೇಳಿದೆ.

“ದಿನಾ ಓಡಿದ ಗಾಡಿಯ ಬಗ್ಗೆ ನನಗೆ ಭಯವಿಲ್ಲ” ಎಂದಳು. “ಕಡಿಮೆ ಓಡಿದ್ದು ಅಂತ ಕಳೆದ ವಾರ ಒಂದನ್ನು ನೋಡಿದೆ. ಟ್ಯಾಂಕಿನೊಳಗೆಲ್ಲ ತುಕ್ಕು.” ಆಮೇಲೆ ಕೈ ಒರೆಸಿಕೊಂಡು, “ಯಾಕೆ ಮಾರುತ್ತಿದ್ದೀರಿ?” ಎಂದು ಕೇಳಿದಳು.

ಹೇಳಿದೆ. ಕಣ್ಣು, ಕಪ್ಪು ಕಾಗದ, ಹಸಿರು ಪೆಟ್ಟಿಗೆಯ ಸೈಕಲ್ಲು, ಎಲ್ಲ. ಮಾರ್ಗಾ ನಡುವೆ ಬಾಯಿ ಹಾಕದೆ ಕೇಳಿದಳು. ಸಮಾಧಾನದ ಮಾತನ್ನೂ ಆಡಲಿಲ್ಲ. ಮುಗಿದ ಮೇಲೆ ಶೆಡ್ಡಿನ ಗೋಡೆಯ ಕಡೆ ಕೈ ತೋರಿಸಿ, “ನಿಮ್ಮ ಹೆಲ್ಮೆಟ್ ಹಾಕಿಕೊಳ್ಳಿ. ನನಗೆ ಈ ಕಡೆಯ ದಾರಿ ಗೊತ್ತಿಲ್ಲ. ಹಿಂದೆ ಕೂತು ಹೇಳಿ” ಎಂದಳು.

ನನ್ನದೇ ಗಾಡಿಯ ಹಿಂದಿನ ಸೀಟಿನಲ್ಲಿ ನಾನು ಅದುವರೆಗೆ ಕೂತಿರಲಿಲ್ಲ. ಕಾಲೆಲ್ಲಿಡಬೇಕು, ಕೈಯೆಲ್ಲಿ ಹಿಡಿಯಬೇಕು, ಒಂದೂ ಗೊತ್ತಾಗಲಿಲ್ಲ. ತಿರುವು ಬಂದಾಗಲೆಲ್ಲ ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಮಾರ್ಗಾ ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ನನಗಿಂತ ಒಂದು ಚೂರು ತಡಮಾಡುತ್ತಿದ್ದಳು. ಗಾಡಿ ಅದಕ್ಕೂ ಒಪ್ಪಿತು. ಊರು ದಾಟಿ ಹೊಲಗಳ ನಡುವಿನ ದಾರಿ ಸಿಕ್ಕಾಗ ನನಗೆ ಎಡಕ್ಕೆ ಪೂರ್ತಿ ತಲೆ ತಿರುಗಿಸಿ ನೋಡಬಹುದು ಎಂದು ಹೊಳೆಯಿತು. ಓಡಿಸುವವರಿಗೆ ಆ ಬಿಡುವಿರುವುದಿಲ್ಲ. ನೋಡಿದೆ. ನೀರಿನ ಅಂಚಿಗೆ ಹಸುಗಳು ಮಲಗಿದ್ದವು. ಕೊಕ್ಕರೆಯೊಂದು ಗೂಟದ ಹಾಗೆ ನಿಂತಿತ್ತು. ಆ ದಾರಿಯಲ್ಲಿ ನಾನು ಎಷ್ಟು ಸಾವಿರ ಸಲ ಹೋಗಿದ್ದೇನೋ, ಅಲ್ಲಿ ನೀರಿರುವುದೇ ನನಗೆ ಗೊತ್ತಿರಲಿಲ್ಲ.

ಗಾಡಿ ಅವಳ ಹೆಸರಿಗೆ ಆಗುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಮ್ಮ ಬಡಾವಣೆಯ ಅಂಗಡಿಯೊಂದರ ಅಂಚೆ ಕೌಂಟರಿನಲ್ಲೇ ಆ ಕೆಲಸ. ಗಾಡಿಯ ನೋಂದಣಿ ಕಾರ್ಡು ಕೊಟ್ಟೆವು, ಅಲ್ಲಿದ್ದ ಹುಡುಗಿ ಒಂದೆರಡು ಗುಂಡಿ ಒತ್ತಿ, ಇನ್ನು ಈ ವಾಹನದ ಹೊಣೆ ನಿಮ್ಮದಲ್ಲ ಎಂಬ ಚೀಟಿಯನ್ನು ನನ್ನ ಕೈಗಿಟ್ಟಳು. ಅದರ ಪಕ್ಕದಲ್ಲೇ ಹುಟ್ಟುಹಬ್ಬದ ಕಾರ್ಡುಗಳನ್ನು ಮಾರುತ್ತಿದ್ದರು.

ಮಾರ್ಗಾ ನನ್ನನ್ನು ಮನೆಯ ಮುಂದೆ ಇಳಿಸಿದಾಗ ನಮ್ಮವರು ಬಾಗಿಲಲ್ಲಿ ನಿಂತಿದ್ದರು. ಶನಿವಾರ, ಇನ್ನೂ ಬಿಸಿಲಿತ್ತು. ಅವಳು ಇಬ್ಬರ ಕೈಯನ್ನೂ ಕುಲುಕಿ, ಗಾಜು ಇಳಿಸಿ ಹೊರಟಳು. ನೀಲಿ ಗಾಡಿ ಬೀದಿಯ ತುದಿಯಲ್ಲಿ ಬಲಕ್ಕೆ ತಿರುಗಿ ಮರೆಯಾಯಿತು.

ನಾನು ಒಳಗೆ ಹೋಗಲು ತಿರುಗಿದೆ. ನಮ್ಮವರು ಅಲ್ಲಾಡಲಿಲ್ಲ. ತಲೆಯನ್ನು ಸ್ವಲ್ಪ ವಾರೆ ಮಾಡಿ, ಯಾರೋ ಪಕ್ಕದ ಕೋಣೆಯಲ್ಲಿ ಮಾತಾಡುತ್ತಿರುವುದನ್ನು ಕೇಳುವವರ ಹಾಗೆ ನಿಂತಿದ್ದರು.

“ಶಾಲೆ ದಾಟಿದ್ಲು” ಎಂದರು.

ನನಗೂ ಆಗ ಕೇಳಿಸಿತು. ಮನೆಗಳ ಹಿಂದೆ ಎಲ್ಲೋ ನನ್ನ ಗಾಡಿಯ ಸದ್ದು. ಅದರ ಮೇಲೆ ಕೂತವಳಿಗೆ ಅದು ದೂರ ಹೋಗುವುದು ಹೇಗೆ ಕೇಳಿಸುತ್ತದೆ ಎಂದು ತಿಳಿದಿರುವುದಾದರೂ ಹೇಗೆ?

“ಈಗ ಉಬ್ಬು. ಸ್ಲೋ ಮಾಡ್ತಾಳೆ ನೋಡು.” ಸದ್ದು ಇಳಿಯಿತು. “ಈಗ ಸೇತುವೆ.” ಸದ್ದು ಟೊಳ್ಳಾಯಿತು, ಮತ್ತೆ ತುಂಬಿತು. “ನೀನು ಇಲ್ಲಿ ಬೇಗ ಗೇರ್ ಹಾಕ್ತಿದ್ದೆ. ಇವ್ಳು ಲೇಟು.”

ನಾನು ಅವರ ಮುಖ ನೋಡಿದೆ. “ಇದೆಲ್ಲ ನಿಮಗೆ ಹೇಗ್ರೀ ಗೊತ್ತು?”

“ದಿನಾ ಕೇಳ್ತಿದ್ನಲ್ಲ” ಎಂದರು.

“ದಿನಾನಾ? ಹನ್ನೆರಡು ವರ್ಷ?”

ಅವರು ಮಾತಾಡಬೇಡ ಎನ್ನುವಂತೆ ಕೈಯೆತ್ತಿದರು. ನಾನು ಅವರ ಪಕ್ಕದಲ್ಲಿ ನಿಂತು ಕಿವಿಗೊಟ್ಟೆ. ಸದ್ದು ತೆಳ್ಳಗಾಗುತ್ತ ಒಂದು ನೂಲಿನಷ್ಟಾಯಿತು. ನನಗೆ ಅದು ಕಳೆದುಹೋದ ಮೇಲೂ ಅವರಿಗೆ ಇನ್ನೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

“ಹೈವೇಗೆ ಸೇರ್ಕೊಂಡ್ಲು” ಎಂದರು. ಆಮೇಲೆ ಉಸಿರು ಬಿಟ್ಟು ಬಾಗಿಲಿನ ಕಡೆ ತಿರುಗಿದರು.